ಗಾಯವಿಲ್ಲದ ಕಟ್ಟು

ತಮಿಳುನಾಡಿಗೆ ಸೇರಿದ ಮಾರಂಡಹಳ್ಳಿಯ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ದೊಡ್ಡಣ್ಣನಿಗೆ ಈ ಲೋಕದ ಮೇಲೆ ಒಂದೇ ಒಂದು ದೂರು: ಯಾರಿಗೂ ಮುಂದಾಲೋಚನೆ ಅನ್ನೋದೇ ಇಲ್ಲ. ಊರಿಗೆಲ್ಲ ಹಂಚಿಹೋಗಬೇಕಾಗಿದ್ದ ಮುಂದಾಲೋಚನೆ ಯಾಕೋ ತನ್ನೊಬ್ಬನ ತಲೆಗೇ ಬಂದು ಸೇರಿಕೊಂಡಿದೆ ಎಂಬುದು ಅವನ ವಿನಯಪೂರ್ವಕ ಅಭಿಪ್ರಾಯ.

ಲಾತೂರಿನಲ್ಲಿ ಭೂಮಿ ನಡುಗಿದ ಸುದ್ದಿ ಪೇಪರಿನಲ್ಲಿ ಬಂದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಗೋಡೆ ಬಿದ್ದರೆ ಯಾವ ಕಡೆಗೆ ಬೀಳಬಹುದು ಎಂದು ಲೆಕ್ಕ ಹಾಕಿ ಮಂಚವನ್ನು ಮನೆಯ ತುಂಬ ಎಳೆದಾಡಿದ. ಟಾರ್ಚು ಕೊಂಡ. ಬ್ಯಾಟರಿ ಒಳಗೇ ಇದ್ದರೆ ಸುಮ್ಮನೆ ಸವೆಯುತ್ತದೆ ಎಂದು ತೆಗೆದು ಜೋಪಾನವಾಗಿ ಬೇರೆ ಕಡೆ ಇಟ್ಟ. ಆ ಬೇರೆ ಕಡೆ ಯಾವುದು ಎಂಬುದು ಆಮೇಲೆ ಅವನಿಗೂ ತಿಳಿಯಲಿಲ್ಲ. ಆಪತ್ಕಾಲಕ್ಕೆಂದು ಡ್ರಮ್ಮಿನಲ್ಲಿ ನೀರು ತುಂಬಿಸಿ, ಯಾರೂ ಮುಟ್ಟಕೂಡದು ಎಂದು ಆಜ್ಞೆ ಮಾಡಿದ. ಯಾರೂ ಮುಟ್ಟಲಿಲ್ಲ. ಸೊಳ್ಳೆಗಳು ಮಾತ್ರ ಆಜ್ಞೆ ಮೀರಿ ಅಲ್ಲಿ ಸಂಸಾರ ಹೂಡಿದವು. ಹೆಂಡತಿ ಮಂಗಮ್ಮ ಒಂದು ದಿನ ಡ್ರಮ್ಮನ್ನು ಬದನೆ ಗಿಡದ ಬುಡಕ್ಕೆ ಬಗ್ಗಿಸಿದಳು.

"ನಾಳೆ ಭೂಮಿ ನಡುಗಿದ್ರೆ ಏನ್ ಕುಡೀತೀಯ?" ಎಂದು ದೊಡ್ಡಣ್ಣ ಕೂಗಾಡಿದ.

"ಅದು ನಡುಗಿದ ಮ್ಯಾಲೆ ನೋಡಾನ. ಇವತ್ತು ಸಾರಿಗೆ ಬದನೆಕಾಯಿ ಬೇಕು," ಎಂದಳು ಮಂಗಮ್ಮ.

ಹೀಗಿರುವಾಗ ಧರ್ಮಪುರಿಯಲ್ಲಿ ಯಾವುದೋ ಸೇವಾಸಂಘದವರು 'ಆಪತ್ತಿನಲ್ಲಿ ನಮಗೆ ನಾವೇ' ಎಂದು ಒಂದು ಶಿಬಿರ ಏರ್ಪಡಿಸಿದರು. ಕರೆ ಬಂದದ್ದು ಅಂಗಡಿಯ ಮೊದಲಾಳಿಗೆ, ಎಂದರೆ ಯಜಮಾನನಿಗೆ. ಮೊದಲಾಳಿ ತನ್ನ ಹೊಟ್ಟೆ ಸವರಿಕೊಂಡು, "ನೀನೇ ಓಗ್ಬಾ ದೊಡ್ಡಣ್ಣ. ಊಟನೂ ಆಕ್ತಾರಂತೆ," ಎಂದು ಕಳಿಸಿದ.

ಶಿಬಿರದಲ್ಲಿ ಸೇಲಂನಿಂದ ಪಾಠ ಹೇಳಲು ಬಂದ ವಾದ್ಯಾರ್ ಒಬ್ಬರು ಮೈಕಿನಲ್ಲಿ, "ಯಾರಾವದು ಒರುತ್ತರ್ ಮೇಡೈಕ್ಕು ವಾಂಗ" ಎಂದು ಕರೆದರು. ವೇದಿಕೆಗೆ ಕರೆಯುವುದು ಶಾಲು ಹೊದಿಸುವುದಕ್ಕೇ ಎಂದು ನಂಬಿದ್ದ ದೊಡ್ಡಣ್ಣ ಎಲ್ಲರಿಗಿಂತ ಮುಂಚೆ ಎದ್ದು ಓಡಿದ. ಬಟ್ಟೆ ಹೊದಿಸಿದರು, ನಿಜ. ಆದರೆ ಅದು ಶಾಲಲ್ಲ. ವಾದ್ಯಾರ್ ಅವನನ್ನು ಕುರ್ಚಿಯಲ್ಲಿ ಕೂರಿಸಿ, "ಇವರ ತಲೆ ಒಡೆದಿದೆ, ದವಡೆ ಮುರಿದಿದೆ, ಬಲಗೈ ಮೂಳೆ ಮುರಿದಿದೆ ಅಂತ ಇಟ್ಟುಕೊಳ್ಳಿ" ಎಂದು ಸಭೆಗೆ ಹೇಳಿ ಸುತ್ತತೊಡಗಿದರು. ತಲೆ ಸುತ್ತಿದರು, ಎಡಗಣ್ಣು ಮುಚ್ಚಿದರು, ಎರಡು ಕಿವಿ ಮುಚ್ಚಿದರು, ಗದ್ದದ ಕೆಳಗಿಂದ ನೆತ್ತಿಗೆ ತಂದು ಬಿಗಿದರು, ಬಲಗೈಯನ್ನು ಮರದ ಪಟ್ಟಿಗೆ ಕಟ್ಟಿ ಕತ್ತಿನಿಂದ ಜೋಳಿಗೆಯಂತೆ ಇಳಿಬಿಟ್ಟರು.

ಆಮೇಲೆ ಅವರು ಬಹಳ ಹೊತ್ತು ಬಹಳ ಒಳ್ಳೆಯ ವಿಷಯಗಳನ್ನು ಹೇಳಿದರು ಎಂದು ಕೇಳಿದವರು ಹೇಳುತ್ತಾರೆ. ಕಿವಿ ಮುಚ್ಚಿದ್ದ ದೊಡ್ಡಣ್ಣನಿಗೆ, ಅವರು ಪಕ್ಕದಲ್ಲೇ ಬಗ್ಗಿ ಕಿರುಚಿದ "ಅಮುಕ್ಕಿ ಪಿಡಿ! ರತ್ತಂ ವಂದಾ ಅಮುಕ್ಕಿ ಪಿಡಿ!" ಎಂಬುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ರಕ್ತ ಬಂದರೆ ಒತ್ತಿ ಹಿಡಿ. ಸರಿ, ಅಷ್ಟು ಬಂತು.

ಊಟದ ಹೊತ್ತಿಗೆ ಎಡಗೈಯಲ್ಲಿ ಮೊಸರನ್ನವನ್ನು ಬಟ್ಟೆಯ ಸಂದಿಯಿಂದ ಒಳಗೆ ತಳ್ಳಿಕೊಂಡ. ವಾದ್ಯಾರ್ ಸೇಲಂ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಕಟ್ಟು ಬಿಚ್ಚಿಕೊಳ್ಳೋಣವೆಂದರೆ ಗಂಟು ಹಿಂದೆ, ಕೈ ಒಂದು. ನಿಜ ಹೇಳಬೇಕೆಂದರೆ ಬಿಚ್ಚುವ ಆತುರವೂ ಅವನಿಗಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಮಂಗಮ್ಮನಿಗೆ ತೋರಿಸದೆ ಬಿಚ್ಚುವುದುಂಟೆ? ಬದನೆ ಗಿಡಕ್ಕೆ ನೀರು ಬಗ್ಗಿಸಿದವಳು ಒಮ್ಮೆ ನೋಡಲಿ ಎಂದುಕೊಂಡು ಹಾಗೆಯೇ ಬಸ್‌ಸ್ಟ್ಯಾಂಡಿಗೆ ನಡೆದ.

ಬಸ್ಸು ಕಿಕ್ಕಿರಿದಿತ್ತು. ಬೇರೆ ದಿನವಾಗಿದ್ದರೆ ದೊಡ್ಡಣ್ಣ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ದೇವರಿಗೆ ಒಪ್ಪಿಸಿ ಪ್ರಯಾಣ ಮಾಡಬೇಕಾಗಿತ್ತು. ಅಂದು ಜನ ಎರಡಾಗಿ ಸರಿದು ದಾರಿ ಬಿಟ್ಟರು. ಒಬ್ಬ ಎದ್ದು ಕಿಟಕಿ ಪಕ್ಕದ ಸೀಟು ಕೊಟ್ಟ. ಕಂಡಕ್ಟರ್ ಟಿಕೆಟ್ಟಿನ ಮಾತನ್ನೇ ಎತ್ತದೆ, "ಪಾವಂ" ಎಂದು ಮುಂದೆ ಹೋದ.

ಪಕ್ಕದಲ್ಲಿ ಸಂತೆಯಲ್ಲಿ ವೀಳ್ಯದೆಲೆ ಮಾರುವ ಕಾಳಿಯಮ್ಮ ಕೂತಿದ್ದಳು. "ಅಯ್ಯೋ ಮಗಾ, ಏನಾಯ್ತಪ್ಪಾ ಇದು?" ಎಂದು ಕೇಳಿದಳು.

ದೊಡ್ಡಣ್ಣ ಸತ್ಯವನ್ನೇ ಹೇಳಿದ. "ಡೆಮೊ," ಎಂದ. ಆದರೆ ದವಡೆ ಬಿಗಿದಿದ್ದರಿಂದ ಅದು "ಡೆಂ...ಪೊ" ಎಂದು ಹೊರಬಂತು.

"ಟೆಂಪೋವಾ!" ಎಂದು ಕಾಳಿಯಮ್ಮ ಎದೆ ಹೊಡೆದುಕೊಂಡಳು.

ದೊಡ್ಡಣ್ಣ ಎಡಗೈ ಆಡಿಸಿ, "ಡೆಂಪೊ, ಡೆಂಪೊ!" ಎಂದು ತಿದ್ದಿದ. ಎರಡು ಟೆಂಪೋ ಎಂದು ಹಿಂದಿನ ಸೀಟಿನವರಿಗೆ ತಿಳಿಯಿತು. ಬಸ್ಸು ಊರು ದಾಟುವುದರೊಳಗೆ ಟೆಂಪೋ ತಲೆಯ ಮೇಲೆ ಹತ್ತಿತ್ತು. ಪಾಲಕೋಡ್ ಬರುವಷ್ಟರಲ್ಲಿ ಹತ್ತಿದ್ದಲ್ಲದೆ ರಿವರ್ಸ್ ಬೇರೆ ತೆಗೆದುಕೊಂಡಿತ್ತು. ಅಲ್ಲಿ ಹತ್ತಿದ ಒಬ್ಬ ಯಾರನ್ನೂ ಕೇಳದೆ, "ತಕ್ಕಾಳಿ ಟೆಂಪೋನೇ ಇರಬೇಕು, ಅವನುಂಗಳೇ ಅಂಗೆ ಓಡ್ಸೋದು," ಎಂದು ಟೊಮೇಟೊ ಗಾಡಿಗಳ ಮೇಲೆ ಅಪರಾಧ ಹೊರಿಸಿ ತೀರ್ಪು ಮುಗಿಸಿದ. ಈ ಮಾತುಗಳೆಲ್ಲ ದೊಡ್ಡಣ್ಣನಿಗೆ ಮಬ್ಬುಮಬ್ಬಾಗಿ ಕೇಳಿಸುತ್ತಿದ್ದವು. ಸತ್ಯವನ್ನು ಬಿಡಿಸಿ ಹೇಳಬಹುದಾಗಿತ್ತು. ಆದರೆ ಸತ್ಯ ಹೇಳಿದ ಮೇಲೆ ಎದ್ದು ನಿಲ್ಲಬೇಕಾಗುತ್ತಿತ್ತು. ಕಿಟಕಿಯಿಂದ ತಂಪಾಗಿ ಗಾಳಿ ಬೀಸುತ್ತಿತ್ತು. ಅವನು ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡ.

ಮಾರಂಡಹಳ್ಳಿಯಲ್ಲಿ ಅವನು ಇಳಿದು ಮೆಲ್ಲಗೆ ಮನೆಯ ಕಡೆ ನಡೆಯುವಷ್ಟರಲ್ಲಿ ಸುದ್ದಿ ಟೀ ಅಂಗಡಿಗೆ ಹೋಗಿ, ಅಲ್ಲಿ ಕೂತಿದ್ದ ಮಾರಿಯಪ್ಪನ ಕಿವಿಗೆ ಬಿದ್ದಿತ್ತು. ಮಾರಿಯಪ್ಪ ಮಂಗಮ್ಮನ ತಮ್ಮ. ದೇವರು ಅವನಿಗೆ ಭುಜಗಳನ್ನು ಧಾರಾಳವಾಗಿ ಕೊಟ್ಟು, ಅದರಿಂದಾದ ನಷ್ಟವನ್ನು ತಲೆಯಲ್ಲಿ ಸರಿದೂಗಿಸಿಕೊಂಡಿದ್ದ. "ನಮ್ಮ ಬಾವನ ಮ್ಯಾಲೆ ಟೆಂಪೋ ಅತ್ತಿಸಿದವನ್ಯಾವನ್ಲಾ!" ಎಂದು ಅವನು ಗ್ಲಾಸು ಕುಕ್ಕಿ ಎದ್ದ. ಟೊಮೇಟೊ ಕಾಲದಲ್ಲಿ ಆ ರಸ್ತೆಯಲ್ಲಿ ಟೆಂಪೋ ಹುಡುಕುವುದು ಕಷ್ಟದ ಕೆಲಸವೇನಲ್ಲ. ಮೊದಲು ಕಣ್ಣಿಗೆ ಬಿದ್ದದ್ದರ ಮುಂದೆ ಅಡ್ಡ ನಿಂತ.

ಇತ್ತ ಬೀದಿಯ ಬಾಯಲ್ಲೇ ಪಕ್ಕದ ಮನೆ ಮುನಿಲಕ್ಷ್ಮಮ್ಮ ದೊಡ್ಡಣ್ಣನನ್ನು ಕಂಡು ರಾಗ ತೆಗೆದಳು. "ಬೆಳಿಗ್ಗೆ ತಾನೆ ಚೆನ್ನಾಗಿದ್ದೆಯಲ್ಲಪ್ಪೋ, ನನ್ನ ಅಂಗಳದಾಗೆ ಉಗುಳ್ಬ್ಯಾಡ ಅಂದಿದ್ದೆಯಲ್ಲಪ್ಪೋ..." ಬೀದಿಯೇ ಅವನ ಹಿಂದೆ ಬಂತು. ಅವನು ಗಂಟಿನ ಕಡೆಗೆ ಕೈ ಒಯ್ದಾಗಲೆಲ್ಲ ನಾಲ್ಕು ಕೈಗಳು ಹಿಡಿದವು.

"ಬಿಚ್ಚಬ್ಯಾಡ ಕಣಣ್ಣಾ! ಬಿಚ್ಚಿದ್ರೆ ಮಿದುಳು ಈಚಿಗೆ ಬಂದ್ಬಿಡ್ತದೆ!"

ಮಂಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಮುಖ ಸುಣ್ಣದಂತಾಯಿತು. ಬೊಬ್ಬೆ ಹಾಕಲಿಲ್ಲ. ಗಂಡನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕಟ್ಟಿನ ಮೇಲೆಲ್ಲ ಬೆರಳಾಡಿಸಿದಳು. ಎಲ್ಲೂ ಒಂದು ಹನಿ ಕೆಂಪಿಲ್ಲ. ಅನುಮಾನ ಬಂದು, ಗದ್ದದ ಕೆಳಗಿನ ಪಟ್ಟಿಗೆ ಬೆರಳು ಹಾಕಿ ಕೆಳಗೆ ಜಗ್ಗಿದಳು. ಮಾತು ಚಿಮ್ಮಿತು.

"ಡೆಮೊ ಕಣೇ! ಡೆಮೊ! ಕಟ್ಟೋದು ಎಂಗೆ ಅಂತ ತೋರ್ಸಿದ್ರು. ನಂಗೇನೂ ಆಗಿಲ್ಲ!"

ಅಲ್ಲಿಯವರೆಗೆ ಮಂಗಮ್ಮ ತಡೆದುಕೊಂಡಿದ್ದ ಕಣ್ಣೀರು ಈಗ ಬಂತು. ಒರೆಸಿಕೊಂಡಳು. ಆಮೇಲೆ ಒಲೆಯ ಪಕ್ಕದ ಊದುಗೊಳವೆಯ ಮೇಲೆ ಅವಳ ಕೈ ಹೋಯಿತು. ಗಾಯವಿಲ್ಲದ ಕಟ್ಟಿಗೆ ಗಾಯ ಒದಗಿಸುವ ಆಲೋಚನೆ ಅವಳಿಗೆ ಬಂದಿತ್ತೆಂದು ಕಾಣುತ್ತದೆ. ಆದರೆ ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ ಕೇಳಿಸಿತು. ಕಿಟಕಿಯಿಂದ ಇಣುಕಿದಳು. ಮಾರಿಯಪ್ಪ ಒಬ್ಬ ಬಡಕಲು ಮನುಷ್ಯನ ಕಾಲರ್ ಹಿಡಿದು ಎಳೆದುಕೊಂಡು ಬರುತ್ತಿದ್ದ. ಆ ಮನುಷ್ಯನ ಕೆನ್ನೆ ಊದಿತ್ತು.

ಮಂಗಮ್ಮ ಪಟ್ಟಿಯನ್ನು ಬಿಟ್ಟಳು. ಅದು ಚಟ್ಟೆಂದು ದವಡೆಗೆ ಹೊಡೆದು ಬಾಯಿ ಮುಚ್ಚಿತು.

"ನಮ್ಮ ಮಾರಿ ಯಾರೋ ಬಡಪಾಯಿಗೆ ಒಡೆದುಬಿಟ್ಟವ್ನೆ. ಈಗ ಈ ಕಟ್ಟು ಬಿಚ್ಚಿದ್ರೆ ಅವನನ್ನ ಪೊಲೀಸ್ನೋರು ಎತ್ತಾಕ್ಕೊಂಡು ಓಗ್ತಾರೆ. ನಾನೇಳೋವರೆಗೂ ಏಟು ಬಿದ್ದೋನಂಗೆ ಬಿದ್ದಿರಿ," ಎಂದಳು.

ಸಿಕ್ಕಿಬಿದ್ದವನು ಪಳನಿಯಪ್ಪನ್ ಎಂಬ ಟೆಂಪೋ ಮಾಲೀಕ. ಅವನೇ ಡ್ರೈವರ್ ಕೂಡ. ತಾನು ಯಾರಿಗೂ ಹೊಡೆದಿಲ್ಲ ಎಂದು ಅವನು ಖಡಾಖಂಡಿತವಾಗಿ ಹೇಳುತ್ತಾನೆ, ಕಥೆ ಅಲ್ಲಿಗೆ ಮುಗಿಯುತ್ತದೆ ಎಂದು ದೊಡ್ಡಣ್ಣ ನಂಬಿದ್ದ. ಪಳನಿಯಪ್ಪನ್ ನಡುಮನೆಗೆ ಬಂದ, ಆ ಬಿಳಿಯ ಉಂಡೆಯಂಥ ತಲೆಯನ್ನು ನೋಡಿದ, ದೊಪ್ಪನೆ ಕಾಲಿಗೆ ಬಿದ್ದ.

"ಸಾಮಿ, ಮನ್ನಿಚ್ಚಿಡುಂಗ! ಬೆಳಿಗ್ಗೆ ಧರ್ಮಪುರಿ ರೋಡಲ್ಲಿ ಹಿಂದ್ಗಡೆ ದಡಾರ್ ಅಂತ ಸದ್ದಾಚ್ಚು. ಬಯಂದಿಟ್ಟು ನಿಲ್ಲಿಸ್ದೆ ಬಂದ್ಬಿಟ್ಟೆ. ನೀಂಗಳ್ ತಾನಾ ಅದು?"

ಹೊಡೆಯದವನು ಹೊಡೆದೆ ಎನ್ನುತ್ತಿದ್ದಾನೆ, ಏಟೇ ತಿನ್ನದವನು ಎದುರಿಗೆ ಕೂತಿದ್ದಾನೆ. ದೊಡ್ಡಣ್ಣನ ಮನಸ್ಸಾಕ್ಷಿ ಅಲ್ಪಸ್ವಲ್ಪ ಎಚ್ಚೆತ್ತಿತು. ಅಲ್ಲ, ಅಲ್ಲ ಎಂದು ತಲೆಯನ್ನು ಜೋರಾಗಿ ಅಲ್ಲಾಡಿಸಿದ.

"ಜನ್ನಿ ಬಂತು! ತಲೆಗೇರಿಬಿಡ್ತು!" ಎಂದು ಮುನಿಲಕ್ಷ್ಮಮ್ಮ ಚೀರಿದಳು. ನಾಲ್ವರು ಸೇರಿ ಅವನನ್ನು ಚಾಪೆಗೆ ಒತ್ತಿ ಮಲಗಿಸಿದರು. ಸೆಳವು ನಿಲ್ಲಲೆಂದು ಒಬ್ಬ ಅಂಗೈಗೆ ಕಬ್ಬಿಣದ ಕೀಲಿಕೈ ತುರುಕಿದ. ಪಳನಿಯಪ್ಪನ್ ಮೂಲೆಯಲ್ಲಿ ಕೂತು ತನ್ನ ಹೆಂಡತಿ ಮಕ್ಕಳ ಹೆಸರು ಹೇಳಿಕೊಂಡು ಅಳತೊಡಗಿದ.

ಆಗ ಏಟಯ್ಯ ಬಂದರು. ಹೆಡ್ ಕಾನ್‌ಸ್ಟೇಬಲ್‌ಗೆ ತಮಿಳರು ಏಟಯ್ಯ ಎನ್ನುತ್ತಾರೆ. ಏಟು ಬಿದ್ದ ಕಡೆಗೆಲ್ಲ ಬರುವುದರಿಂದ ಆ ಹೆಸರು ಎಂದು ನಮ್ಮ ಕನ್ನಡದವರು ತಿಳಿದುಕೊಂಡಿದ್ದಾರೆ; ಅದೂ ತಪ್ಪಲ್ಲ. ಏಟಯ್ಯ ಕಟ್ಟನ್ನು ಸುತ್ತಲೂ ನೋಡಿ, ಸಂತೋಷದಿಂದ, "ಪೆರಿಯ ಕೇಸ್, ದೊಡ್ಡ ಕೇಸ್," ಎಂದರು. "ಪಾಲಕೋಡ್ ಆಸ್ಪತ್ರೆಗೆ ತಗೊಂಡೋಗಿ. ಡಾಕ್ಟರ್ ಬಿಚ್ಚಿ ನೋಡ್ಲಿ. ಆಮೇಲೆ ಇವನ ಲೈಸೆನ್ಸು ಓಯ್ತು, ವಂಡಿ ಠಾಣೆಗೆ ಬಂತು."

ಡಾಕ್ಟರ್ ಬಿಚ್ಚಿ ನೋಡಲಿ ಎಂದ ಕೂಡಲೇ ದೊಡ್ಡಣ್ಣನ ಮೈ ನಿಜವಾಗಿಯೂ ಬೆವರಿತು. ಅವನು ಎದ್ದು ಓಡುವುದಕ್ಕೆ ನೋಡಿದ. ಮತ್ತೆ ಜನ್ನಿ ಎಂದು ಚಾಪೆಯ ಸಮೇತ ಎತ್ತಿದರು. ಊರಿನಲ್ಲಿ ಆ ಹೊತ್ತಿಗೆ ಬೇರೆ ಗಾಡಿ ಇರಲಿಲ್ಲ. ಹಾಗಾಗಿ ಯಾವ ಟೆಂಪೋ ಅವನನ್ನು ಹೊಡೆದಿತ್ತೋ ಅದೇ ಟೆಂಪೋದಲ್ಲಿ, ಯಾವ ಡ್ರೈವರ್ ಹೊಡೆದಿದ್ದನೋ ಅವನೇ ಓಡಿಸಿಕೊಂಡು, ಟೊಮೇಟೊ ಕ್ರೇಟುಗಳ ಮೇಲೆ ಮಲಗಿಸಿ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಇತರರಿಗೆ ತೊಂದರೆ ಕೊಡದೆ ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಕಲಿತು ಬಂದಿದ್ದ ದೊಡ್ಡಣ್ಣ ಹೀಗೆ ಒಂದು ಬೀದಿಯ ಜನರ ಹೆಗಲ ಮೇಲೆ ಮನೆಯಿಂದ ಹೊರಟ.

ಏಟಯ್ಯ ಮುಂದೆ ಕೂತರು. ಮಂಗಮ್ಮ, ಮುನಿಲಕ್ಷ್ಮಮ್ಮ, ಇನ್ನೂ ಹಲವರು ಹಿಂದೆ ಹತ್ತಿದರು. ಉಳಿದವರು ಸೈಕಲ್ ಏರಿದರು. ಮಾರಿಯಪ್ಪ ಮಾತ್ರ ಹಿಂದಿನ ಹಲಗೆಯ ಮೇಲೆ ಒಂದೇ ಕಾಲೂರಿ, ಒಂದೇ ಕೈಯಲ್ಲಿ ಹಗ್ಗ ಹಿಡಿದು, "ದಾರಿ ಬಿಡ್ರೋ! ನಮ್ಮ ಬಾವ ಸಾಯ್ತಾವ್ನೆ!" ಎಂದು ರಸ್ತೆಯಲ್ಲಿ ಇಲ್ಲದ ಜನಕ್ಕೆ ಕೂಗುತ್ತ ಹೊರಟ.

ಹೆದರಿದ ಪಳನಿಯಪ್ಪನ್ ಎತ್ತಿನ ಗಾಡಿಯ ವೇಗದಲ್ಲಿ ಓಡಿಸುತ್ತಿದ್ದ. ಏಟಯ್ಯ, "ಸೀಕ್ರಂ ಪೋಯ್ಯಾ!" ಎಂದು ಗದರಿದರು. ವೇಗ ಹೆಚ್ಚಿಸಿದ. ಮಾವಿನ ತೋಪಿನ ತಿರುವಿನಲ್ಲಿ ಒಂದು ಎಮ್ಮೆ, ತನಗೂ ಈ ಕೇಸಿನಲ್ಲಿ ಪಾತ್ರ ಬೇಕು ಎನ್ನುವ ಹಾಗೆ ರಸ್ತೆಗೆ ಬಂದು ನಿಂತಿತು. ಪಳನಿಯಪ್ಪನ್ ಬ್ರೇಕಿನ ಮೇಲೆ ನಿಂತ. ಕ್ರೇಟುಗಳು ಮುಂದಕ್ಕೆ ಜಾರಿದವು, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು, ಹಗ್ಗ ಕೈಯಿಂದ ಜಾರಿ ಮಾರಿಯಪ್ಪ ರಸ್ತೆಗೆ ಹಾರಿದ. ಅವನ ತಲೆ ರಸ್ತೆ ಬದಿಯ ಕಲ್ಲಿಗೆ ಬಡಿದ ಸದ್ದು ಬಟ್ಟೆಯೊಳಗಿನ ಕಿವಿಗೂ ಕೇಳಿಸಿತು.

ಮಂಗಮ್ಮ ಮೊದಲು ಇಳಿದು ಓಡಿದಳು. ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡಳು. ರಕ್ತ ಅವಳ ಸೀರೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು.

ಸುತ್ತ ಜನ ಗೋಡೆ ಕಟ್ಟಿದಂತೆ ನಿಂತರು. ಕಾಫಿಪುಡಿ ಆಕಿ ಎಂದು ಒಬ್ಬ, ಸುಣ್ಣ ಮೆತ್ತಿ ಎಂದು ಇನ್ನೊಬ್ಬ, ಬೀಡಿ ಸೊಪ್ಪು ಐತಾ ಎಂದು ಮತ್ತೊಬ್ಬ. ಏಟಯ್ಯ ರಕ್ತ ಕಂಡು ಮುಖ ತಿರುಗಿಸಿ ಎಮ್ಮೆಯನ್ನು ವಿಚಾರಣೆ ಮಾಡುತ್ತ ನಿಂತರು.

"ಯಾರಾನ ಏನಾನ ಮಾಡ್ರೋ!" ಎಂದು ಮಂಗಮ್ಮ ಕೂಗಿದಳು. ಮನೆಯಲ್ಲಿ ಬಾರದಿದ್ದ ಬೊಬ್ಬೆ ಈಗ ಬಂತು.

ಕ್ರೇಟಿನ ಮೇಲೆ ಸಾಯುತ್ತ ಮಲಗಿದ್ದ ದೊಡ್ಡಣ್ಣ ಧಡಾರನೆ ಎದ್ದು ಕೆಳಗೆ ನೆಗೆದ. ಮುರಿದ ಕೈಯನ್ನು ಜೋಳಿಗೆಯಿಂದ ಕಿತ್ತುಕೊಂಡ, ಮರದ ಪಟ್ಟಿಯನ್ನು ಎಸೆದ, ಜೋಳಿಗೆಯ ಬಟ್ಟೆಯನ್ನು ಮಡಿಸಿ ಮಾರಿಯಪ್ಪನ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿದ. ಲೋಕದ ಎಲ್ಲ ಆಪತ್ತುಗಳನ್ನೂ ಊಹಿಸಿದ್ದ ಅವನು, ಬೆರಳ ಸಂದಿಯಲ್ಲಿ ಬೆಚ್ಚಗೆ ಹರಿಯುವ ರಕ್ತವನ್ನು ಮಾತ್ರ ಯಾವತ್ತೂ ಊಹಿಸಿರಲಿಲ್ಲ. ಆದರೂ ಬಿಡಲಿಲ್ಲ. ಮಂಗಮ್ಮನ ಕಡೆಗೆ ತಲೆ ಬಗ್ಗಿಸಿ, "ಬಿಚ್ಚು!" ಎಂದು ಬಟ್ಟೆಯೊಳಗಿಂದಲೇ ಅರಚಿದ.

ಮಂಗಮ್ಮ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಸುತ್ತು ಸುತ್ತಾಗಿ ಕಟ್ಟು ಕಳಚಿತು. ಬೀದಿಯ ಜನ ಉಸಿರು ಹಿಡಿದು, ಮಿದುಳಿಗಾಗಿ ಕಾಯುತ್ತ ನಿಂತರು. ಬಂದದ್ದು ಎಣ್ಣೆ ಹಾಕಿ ಬಾಚಿದ, ಬೈತಲೆ ಕೂಡ ಕೆಡದ ದೊಡ್ಡಣ್ಣನ ತಲೆ.

"ಇದೇನ್ ದೊಡ್ಡಣ್ಣಾ! ನಿನ್ನ ತಲೆ ಒಡೆದಿತ್ತಲ್ಲ?" ಎಂದಳು ಮುನಿಲಕ್ಷ್ಮಮ್ಮ. ಅವಳ ದನಿಯಲ್ಲಿ ಸ್ವಲ್ಪ ನಿರಾಶೆಯೂ ಇತ್ತು.

"ಆಮೇಕೆ ಒಡಕೊಳ್ತೀನಿ ತಾಯಿ, ಈಗ ಗಾಳಿ ಬಿಡು," ಎಂದು ದೊಡ್ಡಣ್ಣ ಆ ಬಟ್ಟೆಯನ್ನೇ ಮಾರಿಯಪ್ಪನಿಗೆ ಸುತ್ತಿದ. ಕಟ್ಟುವುದನ್ನು ಅವನು ಕಣ್ಣಾರೆ ಕಂಡವನಲ್ಲ, ಕಟ್ಟಿಸಿಕೊಂಡವನು ಅಷ್ಟೆ. ತನಗೆ ಎಲ್ಲೆಲ್ಲಿ ಬಿಗಿದಿತ್ತೋ ಅಲ್ಲೆಲ್ಲ ಬಿಗಿದ. ತಲೆ, ಎಡಗಣ್ಣು, ಎರಡು ಕಿವಿ, ಗದ್ದ, ಯಾವುದನ್ನೂ ಬಿಡಲಿಲ್ಲ. ಆಸ್ಪತ್ರೆ ಬರುವವರೆಗೂ ಗಾಯದ ಮೇಲಿನ ಅಂಗೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಲಿಗೆ ಹಾಕಿ ಹೊರಗೆ ಬಂದು ಕೇಳಿದರು. "ಒತ್ತಿ ಹಿಡಿದದ್ದು ಯಾರು? ಇಲ್ಲದಿದ್ದರೆ ರಕ್ತ ತುಂಬಾ ಹೋಗಿಬಿಡೋದು. ಬಹಳ ಒಳ್ಳೇದಾಯ್ತು. ಆದರೆ ತಲೆ ಒಡೆದ್ರೆ ದವಡೆ ಯಾಕೆ ಕಟ್ಟಿದ್ರಿ?"

"ಅದೂ ಸೇರಿಸೇ ಕಟ್ತಾರೆ ಮೇಡಂ," ಎಂದ ದೊಡ್ಡಣ್ಣ.

"ಇರ್ಲಿ ಬಿಡಿ ಡಾಕ್ಟರಮ್ಮ," ಎಂದಳು ಮಂಗಮ್ಮ. "ನಮ್ಮ ಮಾರಿಗೆ ಅದೂ ಬೇಕಾಗಿತ್ತು."

ವರಾಂಡದಲ್ಲಿ ಏಟಯ್ಯ ಟೋಪಿ ಸರಿಮಾಡಿಕೊಂಡು ಬಂದರು. ಕೇಸಿನ ವಿಷಯದಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ. "ಟೆಂಪೋ ಐತೆ, ತಲೆ ಐತೆ, ರತ್ತ ಐತೆ. ಆಳು ಮಾತ್ರ ಮಾರಿಪ್ಪೋಚ್ಚು, ಬದಲಾಯ್ತು. ಪರವಾಇಲ್ಲೆ, ಎಳುದಿಕ್ಕಲಾಂ, ಬರ್ಕೊಂಡ್ರಾಯ್ತು," ಎಂದರು. ಪಳನಿಯಪ್ಪನ್ ಮತ್ತೆ ಅಳುವುದಕ್ಕೆ ತಯಾರಾದ.

ಮಂಗಮ್ಮ ಗಂಡನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. "ಈಗ ಏಳಿ. ಬಾಯಿಗೇನೂ ಕಟ್ಟಿಲ್ಲವಲ್ಲ."

ದೊಡ್ಡಣ್ಣ ಹೇಳಿದ. ಮೇಡೈ ಏರಿದ್ದರಿಂದ ಹಿಡಿದು ಕಿಟಕಿ ಪಕ್ಕದ ಸೀಟಿನವರೆಗೆ, ಬೀದಿಯವರೆಲ್ಲರ ಮುಂದೆ, ತಲೆ ಬಗ್ಗಿಸಿ ಹೇಳಿದ. ಕೊನೆಗೆ ಪಳನಿಯಪ್ಪನ್ ಮುಂದೆ ಕೈ ಮುಗಿದು, "ನನ್ನ ದೆಸೆಯಿಂದ ನಿಂಗೆ ಏಟು ಬಿತ್ತು. ಮನ್ನಿಸಪ್ಪ," ಎಂದ.

ಪಳನಿಯಪ್ಪನ್ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಎಲ್ಲರೂ ಕಾದರು. ಅವನು ಎದ್ದು ಟೆಂಪೋ ಕಡೆಗೆ ಓಡಿದ. ಹಿಂದೆ ಹತ್ತಿ ಕ್ರೇಟುಗಳನ್ನು ಎಣಿಸಿದ. ಒಂದು ಕ್ರೇಟು ಕಡಿಮೆಯಿತ್ತು. ಬೆಳಿಗ್ಗೆ ದಡಾರ್ ಎಂದು ಬಿದ್ದದ್ದು ಅದೇ. "ಅಪ್ಪೋ ನಾನ್ ಯಾರೆಯುಂ ಅಡಿಕ್ಕಲೆ! ಯಾರಿಗೂ ಒಡೆದಿಲ್ಲ ನಾನು!" ಎಂದು ಅವನು ಟೆಂಪೋ ಮೇಲೆ ನಿಂತು ಕುಣಿದ. ಆ ಸಂತೋಷದಲ್ಲಿ ಆಸ್ಪತ್ರೆಯ ರೋಗಿಗಳಿಗೆಲ್ಲ ಮಡಿಲು ತುಂಬ ಟೊಮೇಟೊ ಹಂಚಿದ. ತನ್ನ ಕೆನ್ನೆಯ ಬಾಬ್ತಿಗೆ ಅವನು ಕೇಳಿದ್ದು ಇಷ್ಟೆ: ಮಾರಿಯಪ್ಪ ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಬಂದು ಕ್ರೇಟು ಇಳಿಸಿಕೊಡಬೇಕು. ಮಾರಿಯಪ್ಪ ಆಗ ಒಳಗೆ ಮಲಗಿದ್ದರಿಂದ ಅವನ ಪರವಾಗಿ ಮಂಗಮ್ಮನೇ ಒಪ್ಪಿದಳು. ಎಲ್ಲರೂ ರಾಜಿಯಾದದ್ದರಿಂದ ಏಟಯ್ಯ ಬಹಳ ಬೇಸರಪಟ್ಟು ಹೊರಟುಹೋದರು.

ಮರುದಿನ ಬೆಳಿಗ್ಗೆ ದೊಡ್ಡಣ್ಣ ಕಾಲರ್ ಎತ್ತಿಕೊಂಡೇ ಎದ್ದ. ಡಾಕ್ಟರಮ್ಮ ಹೊಗಳಿದ್ದನ್ನು ಮೊದಲಾಳಿಗೆ ಯಾವ ಮಾತಿನಿಂದ ಶುರುಮಾಡಿ ಹೇಳಬೇಕು ಎಂದು ಯೋಚಿಸುತ್ತ ಹಿತ್ತಲಿಗೆ ಬಂದ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಮಂಗಮ್ಮ ಅದರಿಂದ ಉದ್ದುದ್ದ ಬಿಳಿ ಪಟ್ಟಿಗಳನ್ನು ಕೋಲಿನಿಂದ ಎತ್ತಿ ತಂತಿಯ ಮೇಲೆ ಒಣಹಾಕುತ್ತಿದ್ದಳು. ಪಕ್ಕದಲ್ಲಿ ತೊಳೆದ ಬಿಸ್ಕತ್ ಡಬ್ಬ ಬೋರಲಾಗಿತ್ತು.

"ಏನಿದು?"

"ನೀವು ಕಲ್ತುಬಂದಿದ್ದು. ಒಣಗಿದ ಮ್ಯಾಲೆ ಡಬ್ಬಕ್ಕಾಕಿ ಬಾಗ್ಲು ಪಕ್ಕ ಇಡ್ತೀನಿ. ಯಾರ್ ತಲೆ ಒಡೆದ್ರೂ ಕೈಗೆ ಸಿಕ್ಕೋ ಅಂಗೆ."

ದೊಡ್ಡಣ್ಣ ಮೆಚ್ಚಿಕೊಂಡು ಒಂದು ಪಟ್ಟಿಯನ್ನು ಮುಟ್ಟಿದ. ಬಹಳ ನಯವಾಗಿತ್ತು. ಅಂಚಿನಲ್ಲಿ ಒಂದು ಎಳೆ ಜರಿ ಹೊಳೆಯಿತು.

"ಏ! ಇದು ಎಡಪ್ಪಾಡಿ ಪಂಚೆ ಅಲ್ವೇನೇ! ನಿಮ್ಮಪ್ಪ ಮಗ್ಗದೋರತ್ರ ಏಳಿ ನೆಯ್ಸಿ ಕೊಟ್ಟಿದ್ದು! ಒಂದ್ ದಿನಾನೂ ಉಟ್ಟಿಲ್ಲ ನಾನು!"

"ಅದಕ್ಕೇ ಅದನ್ನೇ ಅರಿದೆ," ಎಂದಳು ಮಂಗಮ್ಮ. "ಗಾಯಕ್ಕೆ ಕೊಳಕು ಬಟ್ಟೆ ಸುತ್ತಬಾರ್ದು ಅಂತ ಡಾಕ್ಟರಮ್ಮ ಏಳಿದ್ದು ನಿಮ್ಮ ಕಿವಿಗೆ ಬೀಳ್ಲಿಲ್ವಾ? ಈ ಮನೇಲಿ ಕೊಳಕಿಲ್ಲದ ಪಂಚೆ ಅದೊಂದೇ ಇದ್ದಿದ್ದು."

ದೊಡ್ಡಣ್ಣ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬೇಲಿಯಾಚೆಯಿಂದ ಮುನಿಲಕ್ಷ್ಮಮ್ಮನ ಮುಖ ಕಾಣಿಸಿತು. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಒಬ್ಬೊಬ್ಬಳ ಕಂಕುಳಲ್ಲೂ ಅವರವರ ಗಂಡನ ಮಡಿಕೆ ಬಿಚ್ಚದ ಹೊಸ ಪಂಚೆ.

"ಮಂಗಮ್ಮಾ, ಬ್ಯಾಗ ಕತ್ತರಿ ತತ್ತಾ," ಎಂದಳು ಮುನಿಲಕ್ಷ್ಮಮ್ಮ ಪಿಸುದನಿಯಲ್ಲಿ. "ನಮ್ಮನೆಯೋರು ಇನ್ನೂ ಎದ್ದಿಲ್ಲ."